ಬಾಣಂತಿ ನೀರು

ಮಾರ್ಚ್ 14, ವಾಗೆನಿಂಗನ್

ಅಣ್ಣನೂ ನಾನೂ ಇವತ್ತು ಮಧ್ಯಾಹ್ನ ವೈನಿಯನ್ನು ಆಸ್ಪತ್ರೆಯಿಂದ ಕರೆತಂದೆವು. ಕೂಸು ಇಲ್ಲದೆ ಕರೆತಂದೆವು. ಎರಡನೆಯ ವಾಕ್ಯ ಬರೆಯಲು ಇಷ್ಟು ಹೊತ್ತು ಹಿಡಿಯಿತು.

ಎಂಟು ತಿಂಗಳು ತುಂಬಿದ ಹೆಣ್ಣುಕೂಸು. ಹೊಟ್ಟೆಯಲ್ಲೇ ಹೋಗಿತ್ತು. ವೈನಿ ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗಲೇ ಅಣ್ಣ ಒಬ್ಬನೇ ಹೋಗಿ ಮಣ್ಣು ಮಾಡಿ ಬಂದ. ಎರಡು ದಿನ ತಡೆದರೆ ಮೂವರೂ ಹೋಗಬಹುದೆಂದು ಡಾಕ್ಟರು ಹೇಳಿದ್ದರು. ಆದರೆ ಹಸಿ ಬಾಣಂತಿ ಮಣ್ಣಿಗೆ ಹೋಗಬಾರದೆಂದು ಗದುಗಿನಿಂದ ಅವ್ವ ಫೋನಿನಲ್ಲಿ ಹೇಳಿದಳು. ಅಣ್ಣ ಬಂದು ಕೋಟು ತೆಗೆಯದೆ ಬಾಗಿಲಲ್ಲೇ ನಿಂತು "ಎಲ್ಲಾ ಆತು" ಎಂದ. ವೈನಿ ಗೋಡೆಯ ಕಡೆ ಹೊರಳಿದರು.

ಅವ್ವನ ಮೊಣಕಾಲು ವಿಮಾನಕ್ಕೆ ಒಪ್ಪಲಿಲ್ಲವಾದ್ದರಿಂದ ಬಾಣಂತನ ಮಾಡಬೇಕಾದವಳು ನಾನಾಗಿದ್ದೆ. ಲೈಡನ್ನಿನಲ್ಲಿ ಸಾಹಿತ್ಯ ಓದಿ ಮುಗಿಸಿ, ಕೆಲಸ ಹುಡುಕುತ್ತೇನೆಂದು ಅಣ್ಣನ ಅಟ್ಟದ ಕೋಣೆಯಲ್ಲಿ ಕುಳಿತಿರುವವಳು, ಕೂಸಿಗೆ ಎರೆಯುವುದನ್ನು ವಿಡಿಯೋ ನೋಡಿ ಕಲಿತವಳು. ಹೋದ ತಿಂಗಳು ನಾವು ಮೂವರೂ ನಕ್ಕದ್ದು ನೆನಪಾಗುತ್ತಿದೆ. "ನೀ ಲೋಬಾನ ಹಾಕಿದಿ ಅಂದ್ರ ಹೊಗಿ ಗಂಟಿ ಬಡಕೊಂಡು, ಅಗ್ನಿಶಾಮಕದವರು ಬಂದು ಬಾಣಂತಿಗೆ ಪೈಪಿಲೆ ನೀರ ಹಾಕ್ತಾರ" ಎಂದಿದ್ದ ಅಣ್ಣ.

ಸಂಜೆ ಅವ್ವ ಮತ್ತೆ ಫೋನು ಮಾಡಿದಳು. "ಸಿಂಧು, ಬಾಣಂತಿಗಂತ ನಾ ಕಳಿಸಿದ್ದ ಅಂಟಿನ ಉಂಡಿ ಡಬ್ಬಿ ಅಕಿ ಕಣ್ಣಿಗೆ ಬೀಳಲಾರದಂಗ ತಗದಿಡು. ಕೂಸ ಇಲ್ಲದ ಮ್ಯಾಲೆ ಬಾಣಂತನ ಎಲ್ಲೀದವಾ. ಎಣ್ಣಿ ನೀರು ಅಂತ ಹೋಗಿ ಅಕಿಗೆ ನೆನಪ ಮಾಡಬ್ಯಾಡ."

ಡಬ್ಬಿಯನ್ನು ಅಟ್ಟಕ್ಕೆ ಒಯ್ದು ನನ್ನ ಪುಸ್ತಕಗಳ ಹಿಂದೆ ಇಟ್ಟೆ. ತೊಟ್ಟಿಲನ್ನು ಅಣ್ಣ ಆಗಲೇ ಯಾರಿಗೋ ಕೊಟ್ಟುಬಿಟ್ಟಿದ್ದ.

ಮಾರ್ಚ್ 17

ಬೆಳಿಗ್ಗೆ ಬಾಗಿಲ ಗಂಟೆ ಸದ್ದು ಮಾಡಿತು. ಅಣ್ಣ ಸ್ನಾನಕ್ಕೆ ಹೋಗಿದ್ದರಿಂದ ನಾನೇ ತೆರೆಯಬೇಕಾಯಿತು. ಪಕ್ಕದ ಮನೆಯ ಮರೈಕೆ ನಿಂತಿದ್ದರು. ಎಪ್ಪತ್ತು ದಾಟಿದ ಎತ್ತರದ ಹೆಂಗಸು, ಒಬ್ಬರೇ ಇರುತ್ತಾರೆ. ಕೈಯಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ಬೆಣ್ಣೆ ಸವರಿ ಗುಲಾಬಿ ಮತ್ತು ಬಿಳಿ ಸೋಂಪಿನ ಕಾಳು ಉದುರಿಸಿದ ದುಂಡನೆಯ ರಸ್ಕುಗಳು. ಡಚ್ಚರ ಈ ದೇಶದಲ್ಲಿ ಮಗು ಹುಟ್ಟಿದರೆ ತಿನ್ನುವ ತಿಂಡಿ ಅದು. ಪಾಪ, ಸುದ್ದಿ ತಿಳಿದಿಲ್ಲ ಎಂದುಕೊಂಡೆ. ಹೇಗೆ ಹೇಳಲಿ ಎಂದು ಡಚ್ ಮಾತು ಹುಡುಕುತ್ತಿರುವಾಗಲೇ ಅವರು ನನ್ನ ಕೈ ಹಿಡಿದು, ಅಭಿನಂದನೆ ಎಂದರು. ಅದೇ ಉಸಿರಿನಲ್ಲಿ, ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ ಎಂದರು.

ತಿಳಿದೇ ತಂದಿದ್ದಾರೆ! ಎಂಥ ಜನ. ತಟ್ಟೆ ತೆಗೆದುಕೊಂಡು ಬಾಗಿಲು ಹಾಕಿದೆ. ರಸ್ಕುಗಳನ್ನು ಕಸದ ಡಬ್ಬಿಗೆ ಹಾಕಿ ಮೇಲೆ ಈರುಳ್ಳಿ ಸಿಪ್ಪೆ ಮುಚ್ಚಿದೆ.

ಮಾರ್ಚ್ 30

ವೈನಿಯ ಅಂಗಿ ಎದೆಯ ಹತ್ತಿರ ಒದ್ದೆಯಾಗುವುದು ನಿಂತಿದೆ. ಒಗೆಯುವ ಬಟ್ಟೆಯಿಂದ ನನಗೆ ಗೊತ್ತಾಗುತ್ತದೆ.

ಶವರಿನ ಕೆಳಗೆ ಬಹಳ ಹೊತ್ತು ನಿಲ್ಲುತ್ತಾರೆ. ಇವತ್ತು ಒದ್ದೆ ತಲೆಯಲ್ಲೇ ಹೊರಬಂದು "ಇದಕಿಂತ ಬಿಸಿ ಬರೂದಿಲ್ಲೇನ್ರಿ ನೀರು?" ಎಂದು ಅಣ್ಣನನ್ನು ಕೇಳಿದರು. "ನಾನ ಕಡಿಮಿ ಮಾಡಿಟ್ಟೇನಿ. ಕೂಸಿನ ಮೈ ಸುಡಬಾರದು ಅಂತ..." ಎಂದವನು ಅಲ್ಲೇ ನಿಲ್ಲಿಸಿದ. ವೈನಿ ಮಲಗುವ ಕೋಣೆಗೆ ಹೋದರು. ಅಣ್ಣ ಸ್ಪ್ಯಾನರ್ ಹಿಡಿದುಕೊಂಡು ಬಚ್ಚಲಿನ ಬಾಗಿಲಲ್ಲಿ ನಿಂತೇ ಇದ್ದ, ಒಳಗೆ ಹೋಗಲಿಲ್ಲ.

ಏಪ್ರಿಲ್ 11

ವೈನಿ ಊಟದ ಮೇಜಿನಲ್ಲಿ ಹೇಳಿದರು. ದನಿ ಏರಿಸಲಿಲ್ಲ. "ಮೇ ತಿಂಗಳದಾಗ ಹುಬ್ಬಳ್ಳಿಗೆ ಹೋಗತೇನಿ. ಹೊಳ್ಳಿ ಬರೂದಿಲ್ಲ."

"ಎಷ್ಟ ದಿನಕ್ಕ?" ಎಂದ ಅಣ್ಣ, ಕೇಳಿಸದವನಂತೆ.

"ಬರೂದಿಲ್ಲ ಅಂದ್ನಿ. ಈ ಮನ್ಯಾಗ ನಾ ಯಾಕ ಇರಬೇಕ್ರಿ? ಇಲ್ಲಿ ಏನೂ ಆಗೇ ಇಲ್ಲಲ್ಲ."

ಅಣ್ಣ ನನ್ನ ಮುಖ ನೋಡಿದ. ನಾನು ಸಾರಿನ ಪಾತ್ರೆ ನೋಡಿದೆ. ಏಳು ವರ್ಷದ ಸಂಸಾರ. ಇಬ್ಬರೂ ಜಗಳವಾಡಿದರೆ ನನಗೆ ಅರ್ಥವಾಗುತ್ತಿತ್ತು. ಊಟವಾದ ಮೇಲೆ ಅಣ್ಣ ಆಲೂಗಡ್ಡೆ ರೋಗದ ಯಾವುದೋ ಪ್ರಬಂಧ ತೆಗೆದುಕೊಂಡು ಕುಳಿತ. ಅವನ ಕೆಲಸವೇ ಅದು. ಆದರೆ ಒಂದು ಪುಟವನ್ನೂ ಮಗುಚಲಿಲ್ಲ.

ಏಪ್ರಿಲ್ 20

ಈಸ್ಟರ್. ಮರೈಕೆ ಸೂಪು ತಂದರು. ಅವರನ್ನು ಬಾಗಿಲಲ್ಲೇ ಕಳಿಸಬೇಕೆಂದಿದ್ದೆ, ಅವರು ನೇರ ಒಳಗೆ ಬಂದು ವೈನಿಯ ಪಕ್ಕ ಕುಳಿತರು. ಇಂಡಿಯಾಕ್ಕೆ ಹೋಗುತ್ತೀರಂತೆ, ನಾನೂ ಹೋಗಿದ್ದೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತ ಚೀಲದಿಂದ ಹಳೆಯ ಫೋಟೋ ತೆಗೆದರು. ಇಪ್ಪತ್ತೈದರ ಮರೈಕೆ, ಕುತ್ತಿಗೆಯವರೆಗೆ ನೀರಿನಲ್ಲಿ, ಸುತ್ತ ಹಬೆ, ಹಿಂದೆ ಹಿಮದ ಬೆಟ್ಟ. ಹಿಮಾಚಲದ ಪಾರ್ವತಿ ಕಣಿವೆಯಲ್ಲಿ ಕಸೋಲ್ ಎಂಬ ಹಳ್ಳಿ, ಅಲ್ಲಿಂದ ಮೇಲೆ ನಡೆದು ಹೋದರೆ ಖೀರಗಂಗಾ, ನೆಲದಿಂದಲೇ ಕುದಿನೀರು ಬರುತ್ತದೆ ಎಂದರು.

ವೈನಿ ಫೋಟೋವನ್ನು ಕೈಯಲ್ಲಿ ತೆಗೆದುಕೊಂಡರು. ಬಹಳ ಬಿಸಿ ಇರುತ್ತಿತ್ತೇ ಎಂದು ಇಂಗ್ಲಿಷಿನಲ್ಲೇ ಕೇಳಿದರು. ಒಂದು ತಿಂಗಳಲ್ಲಿ ಹೊರಗಿನವರ ಜೊತೆ ಅವರು ಆಡಿದ ಮೊದಲ ಮಾತು.

ಮೊದಲು ಕಾಲಿಡಲು ಆಗುವುದಿಲ್ಲ, ಆಮೇಲೆ ಏಳಲು ಮನಸ್ಸಾಗುವುದಿಲ್ಲ ಎಂದರು ಮರೈಕೆ.

ಅವರು ಹೋದ ಮೇಲೆ ವೈನಿ ಅಣ್ಣನಿಗೆ ಹೇಳಿದರು: "ಹುಬ್ಬಳ್ಳಿಗಿಂತ ಮೊದಲ ನನ್ನ ಇಲ್ಲಿಗೆ ಕರಕೊಂಡ ಹೋಗ್ರಿ. ಸಿಂಧೂನೂ ಬರಲಿ." ಅಣ್ಣ ಕಾರಣ ಕೇಳಲಿಲ್ಲ. ಟಿಕೆಟ್ ಮಾಡಿದ. ನಮ್ಮಿಬ್ಬರಿಗೆ ಹೋಗಿಬರಲು, ವೈನಿಗೆ ಹೋಗಲು ಮಾತ್ರ, ಕೊನೆಗೆ ದೆಹಲಿಯಿಂದ ಹುಬ್ಬಳ್ಳಿಗೆ.

ಮೇ 24, ಕಸೋಲ್

ದೆಹಲಿಯಿಂದ ಇಡೀ ದಾರಿ ಬಸ್ಸಿನಲ್ಲಿ. ಮೈಯೆಲ್ಲ ನೋವು.

ಕಸೋಲ್ ಅಂದರೆ ನದಿಯ ಪಕ್ಕದ ಒಂದು ಬೀದಿ. ಇಸ್ರೇಲಿನ ಪ್ರವಾಸಿಗರು ಹೆಚ್ಚೆಂದು ಫಲಕಗಳು ಹೀಬ್ರೂವಿನಲ್ಲಿ, ಅಂಗಡಿಗಳಲ್ಲಿ ಉಣ್ಣೆಯ ಟೋಪಿ, ಗೋಡೆಗಳ ಮೇಲೆ ಮೂರು ಕಣ್ಣಿನ ಶಿವ. ಬೆನ್ನಿಗೆ ಚೀಲ ಹೊತ್ತ ಹುಡುಗ ಹುಡುಗಿಯರು ಎಲ್ಲಿಗೂ ಹೋಗಬೇಕಾಗಿಲ್ಲದವರಂತೆ ಮೆಟ್ಟಿಲ ಮೇಲೆ ಕುಳಿತಿದ್ದಾರೆ. ಪಾರ್ವತಿ ನದಿಯ ಸದ್ದು ಎಷ್ಟಿದೆಯೆಂದರೆ ನಮ್ಮ ಮೂವರ ಮೌನ ಇಲ್ಲಿ ಯಾರಿಗೂ ಕಾಣುವುದಿಲ್ಲ. ಅದು ಒಂದು ಸಮಾಧಾನ.

ಊಟಕ್ಕೆ ಕುಳಿತಲ್ಲಿ ಅಣ್ಣ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, "ಟೊಮ್ಯಾಟೊ ಗೊಜ್ಜಿನ್ಯಾಗ ತತ್ತಿ ಒಡದ ಹಾಕಿ ಮುನ್ನೂರು ರೂಪಾಯಿ ಅಂತಾರಲ್ಲ" ಎಂದ. ವೈನಿಯ ತುಟಿಯ ಅಂಚು ಸ್ವಲ್ಪ ಎದ್ದಿತು. ಅಣ್ಣ ಅದನ್ನು ನೋಡಿ ಮತ್ತೊಂದು ತಮಾಷೆ ಮಾಡಲು ಹೋದ. ಅದು ಬಿದ್ದುಹೋಯಿತು.

ಪಕ್ಕದ ಮೇಜಿನಲ್ಲಿ ಇಬ್ಬರು ಡಚ್ ಹುಡುಗಿಯರು ಖೀರಗಂಗಾದ ನಡಿಗೆ ಶುರುವಾಗುವ ಬರ್ಶೈಣಿಗೆ ಜೀಪು ಎಲ್ಲಿ ಸಿಗುತ್ತದೆಂದು ತಮ್ಮತಮ್ಮಲ್ಲೇ ಗೊಂದಲಪಡುತ್ತಿದ್ದರು. ಸೇತುವೆಯ ಆಚೆ ನಿಂತಿರುತ್ತವೆ ಎಂದು ಅವರ ಭಾಷೆಯಲ್ಲಿ ಹೇಳಿದೆ. ಬೆಚ್ಚಿಬಿದ್ದರು.

ಮೇ 26, ಖೀರಗಂಗಾ

ಕಾಲುಗಳು ನನ್ನವಲ್ಲ. ಆದರೂ ಇವತ್ತಿನದನ್ನು ಇವತ್ತೇ ಬರೆಯಬೇಕು.

ಬರ್ಶೈಣಿಯವರೆಗೆ ಜೀಪು, ಅಲ್ಲಿಂದ ನಡಿಗೆ. ಮೊದಲು ಹೊಲಗಳ ನಡುವೆ, ಸೇಬಿನ ಗಿಡಗಳ ನಡುವೆ. ನಕ್ಥಾನ್ ಎಂಬ ಹಳ್ಳಿ ಬಂತು, ಕಟ್ಟಿಗೆಯ ಮನೆಗಳು, ಕೆಳಗೆ ದನ ಮೇಲೆ ಜನ. ಅಣ್ಣ ಒಂದು ಹೊಲದ ಅಂಚಿನಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಎಲೆ ಮಗುಚಿ ನೋಡಿ, "ಆಲೂಗಡ್ಡಿಗೆ ಅಂಗಮಾರಿ ರೋಗ ಬರಾಕತ್ತೈತಿ" ಎಂದ.

"ಹಿಮಾಲಯಕ್ಕ ಬಂದ್ರೂ ಆಲೂಗಡ್ಡಿ ಬಿಡೂದಿಲ್ಲ ನೋಡ ನಿಮ್ಮಣ್ಣ" ಎಂದರು ವೈನಿ, ನನಗೆ. ಅವನಿಗೆ ಅಲ್ಲ.

ಜಲಪಾತ ದಾಟಿ ಸೇತುವೆ ದಾಟಿದ ಮೇಲೆ ಕಾಡು, ಬರೀ ಏರು. ವೈನಿ ನಿಲ್ಲಲಿಲ್ಲ. ಅಣ್ಣ ಕೈ ಚಾಚಿದ ಕಡೆಯಲ್ಲೆಲ್ಲ ಮರದ ಬೇರು ಹಿಡಿದು ಹತ್ತಿದರು. "ವೈನಿ, ಕುದುರಿ ಸಿಗತೈತಿ, ಕೇಳಲೇನು?" ಎಂದೆ. "ಬ್ಯಾಡ. ಬಾಣಂತನ ಮಾಡಿಸಿಕೊಂಡಾಕಿಗೆ ಕುದುರಿ ಬೇಕು. ನನಗ್ಯಾಕ?" ಎಂದರು. ಏನು ಹೇಳುತ್ತಿದ್ದಾರೆಂದು ಆಗ ತಿಳಿಯಲಿಲ್ಲ.

ಮೇಲೆ ತಲುಪಿದಾಗ ಬಿಸಿಲು ಎದುರಿನ ಬೆಟ್ಟದ ತುದಿಗೆ ಸರಿದಿತ್ತು. ಹಸಿರು ಬಯಲು, ತಗಡಿನ ಢಾಬಾಗಳು, ಡೇರೆಗಳು. ಹೆಂಗಸರ ಹೊಂಡಕ್ಕೆ ಸುತ್ತ ಗೋಡೆ ಕಟ್ಟಿದ್ದಾರೆ. ಡೇರೆಯವನು, ಚಳಿ ಶುರುವಾಯಿತು, ಬೆಳಿಗ್ಗೆ ಹೋಗಿ ಎಂದ. ಅಣ್ಣ ಹೌದೆಂದು ತಲೆಯಾಡಿಸಿದ. ಈಗಲೇ ಹೋಗುತ್ತೇವೆ, ನೀರು ಹಾಕಿಕೊಳ್ಳಲು ನಿಮ್ಮ ಅಡುಗೆಮನೆಯಿಂದ ಒಂದು ತಂಬಿಗೆ ಕೊಡಿ ಎಂದು ಹಿಂದಿಯಲ್ಲಿ ಕೇಳಿದೆ. ಸುಮ್ಮನೆ ನೋಡಿದ. ಮತ್ತೆ ಕೇಳಿದೆ. ಕೊಟ್ಟ.

ಹೊಂಡದಲ್ಲಿ ಪಂಜಾಬಿನ ಕಡೆಯ ಇಬ್ಬರು ಹೆಂಗಸರಿದ್ದರು. ನೀರು ಹಾಲು ಬೆರೆಸಿದಂತೆ, ಮೇಲೆಲ್ಲ ಹಬೆ, ಗಂಧಕದ ವಾಸನೆ. ನಾನು ಪಾದ ಮುಳುಗಿಸಿ ಎಳೆದುಕೊಂಡೆ. ವೈನಿ ಪೆಟಿಕೋಟನ್ನು ಎದೆಗೆ ಕಟ್ಟಿಕೊಂಡು ನೇರವಾಗಿ ಇಳಿದರು. ಕೂಗುತ್ತಾರೆಂದುಕೊಂಡೆ. ಕಣ್ಣು ಮುಚ್ಚಿದರು, ಅಷ್ಟೇ. ಸ್ವಲ್ಪ ಹೊತ್ತಿನ ನಂತರ ಮೇಲಿನ ಮೆಟ್ಟಿಲಿಗೆ ಬಂದು, ನನಗೆ ಬೆನ್ನು ಮಾಡಿ, ಕಾಲು ನೀಡಿ, ಜಡೆ ಬಿಚ್ಚಿ ಕುಳಿತರು. ಹಾಗೆ ಕುಳಿತವರನ್ನು ನಾನು ಎಲ್ಲೋ ನೋಡಿದ್ದೆ. ಗದುಗಿನ ಮನೆಯ ಬಚ್ಚಲಿನಲ್ಲಿ ಅಕ್ಕ ಹೆತ್ತು ಬಂದಾಗ ಹೀಗೇ ಕುಳಿತಿದ್ದಳು.

"ಹಾಕು" ಎಂದರು.

ತಂಬಿಗೆಯಲ್ಲಿ ಮೊಗೆದು ಬೆನ್ನಿಗೆ ಹಾಕಿದೆ.

"ಹಂಗಲ್ಲ, ಎತ್ತರದಿಂದ. ಸೊಂಟಕ್ಕ ಬೀಳಬೇಕು."

ಎತ್ತರದಿಂದ ಹಾಕಿದೆ. ನನ್ನ ಕೈ ಸುಡುತ್ತಿತ್ತು. ಅವರ ಬೆನ್ನು ಕೆಂಪಗಾಯಿತು.

"ಊರಾಗ ಬಾಣಂತಿಗೆ ಎಷ್ಟ ನೀರ ಹಾಕ್ತಾರ ಗೊತ್ತೈತೇನ ನಿನಗ?"

"ಹಂಡೇಗಟ್ಟಲೆ ಹಾಕ್ತಾರ್ರಿ."

"ನನಗ ಒಂದ ತಂಬಿಗಿನೂ ಯಾರೂ ಹಾಕಲಿಲ್ಲ."

"ನಿಮಗ ನೆನಪ ಆಗಬಾರದು ಅಂತ, ವೈನಿ..."

"ನೆನಪ ಆಗಾಕ ನಾ ಮರತಿದ್ನೇನು?" ತಿರುಗಲಿಲ್ಲ, ಗೋಡೆಗೆ ಹೇಳಿದರು. "ನಾ ಹಡದೇನಿ, ಸಿಂಧು. ಬ್ಯಾನಿ ತಿಂದೇನಿ. ಹಾಲ ಬಂದಾವ, ಇಂಗ್ಯಾವ. ಮಣ್ಣಿಗೆ ಬರಬ್ಯಾಡ ಅನ್ನಾಕ ಮಾತ್ರ ನಾ ನಿಮಗ ಬಾಣಂತಿ. ಉಂಡಿ ಕೊಡಾಕ ಅಲ್ಲ, ನೀರ ಹಾಕಾಕ ಅಲ್ಲ. ಆಸ್ಪತ್ರಿಂದ ಬಂದ ದಿನಾ ತೊಟ್ಟಲ ಇದ್ದ ಜಾಗಾದಾಗ ಬಟ್ಟಿ ಒಣಗಸೂ ಸ್ಟ್ಯಾಂಡ್ ಇಟ್ಟಿದ್ರಿ."

ಆ ಸ್ಟ್ಯಾಂಡ್ ಇಟ್ಟವಳು ನಾನೇ. ಜಾಗ ಖಾಲಿ ಕಾಣಬಾರದೆಂದು ಇಟ್ಟಿದ್ದೆ.

ಪಂಜಾಬಿ ಹೆಂಗಸರಲ್ಲಿ ಹಿರಿಯಾಕೆ ಬಹಳ ಹೊತ್ತಿನಿಂದ ನಮ್ಮನ್ನೇ ನೋಡುತ್ತಿದ್ದರು. ಇವಳು ಬಾಣಂತಿಯೇ ಎಂದು ಹಿಂದಿಯಲ್ಲಿ ನನ್ನನ್ನು ಕೇಳಿದರು. ವೈನಿಯ ಬೆನ್ನು ಬಿಗಿಯಾದದ್ದು ನನಗೆ ಕಾಣಿಸಿತು.

ಹೌದು ಎಂದೆ. ಮಾರ್ಚಿನಲ್ಲಿ ಹೆತ್ತರು, ಹೆಣ್ಣುಮಗು, ಈಗ ಇಲ್ಲ ಎಂದೆ.

ಆಕೆ ಅಯ್ಯೋ ಎನ್ನಲಿಲ್ಲ. ಹತ್ತಿರ ಬಂದು ವೈನಿಯ ಭುಜಗಳನ್ನು ಹೆಬ್ಬೆರಳಿನಿಂದ ಒತ್ತತೊಡಗಿದರು. ನಾನು ನೀರು ಹಾಕುತ್ತಲೇ ಇದ್ದೆ. ವೈನಿ ಅತ್ತರು. ದೊಡ್ಡ ದನಿಯಲ್ಲಿ ಅತ್ತರು. ಗೋಡೆಯ ಆಚೆಯಿಂದ "ಸೌಜನ್ಯಾ! ಏನಾತ?" ಎಂದು ಅಣ್ಣ ವೈನಿಯ ಹೆಸರು ಹಿಡಿದು ಕೂಗಿದ. "ಏನೂ ಆಗಿಲ್ಲ, ನೀ ಸುಮ್ನಿರು, ಚಾ ಹೇಳಿಡು" ಎಂದು ಕೂಗಿ ಹೇಳಿದೆ.

ತಲೆ ಒರೆಸಿ, ಗಾಳಿ ತಾಗದಂತೆ ನನ್ನ ಶಾಲು ಬಿಗಿದು ಕಟ್ಟಿದೆ. ಚಹಾ ಆರಿಹೋಗಿತ್ತು, ಇನ್ನೊಮ್ಮೆ ಮಾಡಿಸಿದೆ.

ಮೇ 27, ಖೀರಗಂಗಾ

ಬೆಳಿಗ್ಗೆ ಮತ್ತೆ ನೀರು ಹಾಕಿದೆ. ಇವತ್ತು ಕೈ ಅಷ್ಟು ಸುಡಲಿಲ್ಲ.

ತಿಂಡಿಗೆ ಪರಾಠಾ. ನಾನು ಬೂಟಿನ ದಾರ ಕಟ್ಟುತ್ತಿದ್ದೆ. ಅವರಿಬ್ಬರೂ ಬೆಂಚಿನ ಎರಡು ತುದಿಯಲ್ಲಿದ್ದರು. ವೈನಿ ಕೇಳಿದರು: "ಎಲ್ಲಿ ಇಟ್ಟಿರಿ?"

ಇಷ್ಟು ದಿನ ಈ ಪ್ರಶ್ನೆ ಕೇಳದೆ ಹೇಗೆ ಬದುಕಿದ್ದರೋ. ಕೇಳಿಸಿಕೊಳ್ಳದೆ ಅಣ್ಣ ಹೇಗೆ ಬದುಕಿದ್ದನೋ.

"ಊರ ಸ್ಮಶಾನದಾಗ. ಸಣ್ಣ ಕೂಸುಗಳಿಗೆ ಒಂದ ಕಡೆ ಬ್ಯಾರೆ ಜಾಗಾ ಐತಿ. ಬೆಳ್ಳನ ತೊಗಟಿ ಗಿಡ ಅದಾವ ಅಲ್ಲಿ." ಅಣ್ಣ ಪರಾಠಾವನ್ನು ಸಣ್ಣ ಸಣ್ಣ ಚೂರು ಮಾಡುತ್ತಿದ್ದ. "ವಿಭೂತಿ ಹಚ್ಚಿದ್ನಿ. ನಿನ್ನ ಹಸರ ಶಾಲಿನ್ಯಾಗ ಸುತ್ತಿದ್ನಿ. ಹಣಿ ನಿನ್ನಂಗ ಇತ್ತು."

"ಅವತ್ತ ಹೇಳಬೇಕಿತ್ತು."

"ಹೇಳಾಕ ಬಾಯಿ ಬರಲಿಲ್ಲ."

"ಆಮ್ಯಾಲೆ ಹೋಗಿದ್ರೇನು?"

ಅಣ್ಣ ತಲೆ ಅಲ್ಲಾಡಿಸಿದ. "ಎರಡ ಸರೆ ಗೇಟಿನ ಮಟ ಹೋದ್ನಿ. ಒಬ್ಬಂವಗ ಒಳಗ ಹೋಗಾಕ ಆಗಲಿಲ್ಲ, ಸೌಜಿ."

ವೈನಿ ಬಹಳ ಹೊತ್ತು ಎದುರಿನ ಹಿಮವನ್ನೇ ನೋಡಿದರು. ಆಮೇಲೆ, "ಹಂಗಾದ್ರ ಮಾರ್ಚಿನಿಂದ ಕೂಸು ಒಂದೇ ಐತಿ ಅಲ್ಲೆ" ಎಂದರು.

ಇಳಿಯುವಾಗ ಕಾಡಿನಲ್ಲಿ ಒಂದು ಕಡೆ ಅಣ್ಣ ಕೈ ಚಾಚಿದ. ವೈನಿ ಹಿಡಿದರು. ದಾರಿ ಸಮವಾದ ಮೇಲೆ ಬಿಟ್ಟರು.

ಮೇ 28, ಕಸೋಲ್

ಅವ್ವನಿಗೆ ಫೋನು ಮಾಡಿದೆ. "ಅವ್ವಾ, ವೈನಿಗೆ ನೀರ ಹಾಕಾಕತ್ತೇನಿ. ಉಂಡಿನೂ ಕೊಡಬೇಕಾಗೈತಿ. ಇನ್ನ ಎಷ್ಟ ದಿನಾ ಹಾಕಬೇಕು ಹೇಳು" ಎಂದೆ.

"ಯಾರ ಹೇಳಿದ್ರ ನಿನಗ ಇದನ್ನೆಲ್ಲಾ? ಸುಮ್ನ ಇದ್ದಾಕಿಗೆ ಮತ್ತ ನೆನಪ ಮಾಡಿ..."

"ಯಾರೂ ಹೇಳಿಲ್ಲ. ಎಷ್ಟ ದಿನಾ?"

ಅವ್ವ ದನಿ ತಗ್ಗಿಸಿದಳು: "ತಲೀಗೆ ಗಾಳಿ ಬಡೀಲಾರದಂಗ ಕಟ್ಟಿದ್ಯೇನು? ಅಜವಾನ ಹಾಕಿ ನೀರ ಕುದಿಸಿ ಕುಡಿಯಾಕ ಕೊಡು. ಉಂಡಿ ಹಳೇವು ಆಗ್ಯಾವ, ಒಗಿ ಅವನ್ನ. ಹೊಸಾವು ಕಟ್ಟಿ ಕಳಸತೇನಿ."

ಮೇ 30, ದೆಹಲಿ

ವಿಮಾನ ನಿಲ್ದಾಣದಲ್ಲಿ ಬರೆಯುತ್ತಿದ್ದೇನೆ. ವೈನಿಯ ಹುಬ್ಬಳ್ಳಿಯ ವಿಮಾನ ಬೆಳಿಗ್ಗೆಯೇ ಹೋಯಿತು. ವೈನಿ ನನ್ನ ಪಕ್ಕದ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದಾರೆ.

ನಿನ್ನೆ ಬಸ್ಸಿನಲ್ಲಿ ಅಣ್ಣನೇ ಕೇಳಿದ: "ಹುಬ್ಬಳ್ಳಿಗೆ ನಾನೂ ಬರಲೇನು? ಇಲ್ಲಾ, ನೀ ಸ್ವಲ್ಪ ದಿನಾ ಇದ್ದು..."

"ಕೂಸು ಅಲ್ಲಿ ಐತಿ. ನಾ ಹುಬ್ಬಳ್ಳ್ಯಾಗ ಕುಂತು ಏನ ಮಾಡ್ಲಿ?" ಎಂದರು ವೈನಿ. ನಮ್ಮ ವಿಮಾನದಲ್ಲೇ ಅವರಿಗೂ ಜಾಗ ಸಿಕ್ಕಿತು, ನಮ್ಮಿಂದ ಬಹಳ ಹಿಂದಿನ ಸಾಲಿನಲ್ಲಿ. ಅಣ್ಣ ಅಲ್ಲಿಗೆ ಹೋಗಿ ಯಾರ ಜೊತೆಗಾದರೂ ಜಾಗ ಬದಲಿಸಿಕೊಳ್ಳಲು ನೋಡುತ್ತಾನಂತೆ. ಅವನಿಗೆ ಕೇಳಲು ಸಂಕೋಚವಾದರೆ ನಾನು ಕೇಳುತ್ತೇನೆ.

ಜೂನ್ 7, ವಾಗೆನಿಂಗನ್

ಮೋಡವಿತ್ತು, ಮಳೆ ಬರಲಿಲ್ಲ. ಮೂವರೂ ಸೈಕಲ್ ಬಿಟ್ಟು ನಡೆದೇ ಹೋದೆವು. ಸ್ಮಶಾನದ ಗೇಟಿನಲ್ಲಿ ಅಣ್ಣನ ಕಾಲು ನಿಧಾನವಾಯಿತು. ವೈನಿ ಅವನ ತೋಳು ಹಿಡಿದು ಮುಂದೆ ನಡೆಸಿದರು.

ಬಹಳ ಸಣ್ಣ ಜಾಗ. ನನ್ನ ಎರಡು ತೋಳು ಚಾಚಿದರೆ ಮುಗಿಯುವಷ್ಟು. ಹುಲ್ಲು ಬಂದಿತ್ತು. ಅಕ್ಕಪಕ್ಕದ ಗುರುತಿನ ಫಲಕಗಳ ಮೇಲೆಲ್ಲ ಹೆಸರುಗಳಿದ್ದವು, ಗಾಳಿಗೆ ತಿರುಗುವ ಬಣ್ಣದ ಚಕ್ರಗಳಿದ್ದವು. ನಮ್ಮ ಕೂಸಿನ ಫಲಕದ ಮೇಲೆ ಮನೆತನದ ಹೆಸರು ಮಾತ್ರ. ವೈನಿ ಮಂಡಿಯೂರಿ ಹುಲ್ಲಿನ ಮೇಲೆ ಅಂಗೈ ಇಟ್ಟು ಕುಳಿತರು. ತಟ್ಟುತ್ತಿದ್ದರು, ಮಲಗಿಸುವವರಂತೆ. ಅಣ್ಣ ಪಕ್ಕದಲ್ಲಿ ಕುಳಿತು ಅತ್ತ. ನಾನು ಸ್ವಲ್ಪ ದೂರ ನಿಂತಿದ್ದೆ.

"ಅಲ್ಲ್ಯಾಕ ನಿಂತಿ? ಬಾ ಇಲ್ಲಿ" ಎಂದರು ವೈನಿ. "ಇದಕ್ಕ ಹೆಸರ ಇಡಬೇಕು."

"ನೀವ ಇಡ್ರಿ, ವೈನಿ."

"ಅವ್ವ ಅಪ್ಪ ಇಡ್ತಾರೇನ ಹುಚ್ಚಿ? ಸ್ವಾದರತ್ತಿ ಯಾರು? ನಾನೋ, ನೀನೋ?"

ನಮ್ಮ ಕಡೆ ಕೂಸಿನ ಹೆಸರನ್ನು ಮೊದಲು ಕರೆಯುವವಳು ತಂದೆಯ ತಂಗಿ. ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯ ಹತ್ತಿರ ಕುರ್ರ್ ಎಂದು ಸದ್ದು ಮಾಡಿ, ಹೆಸರು ಹೇಳಬೇಕು. ಹೇಳುವಾಗ ಸುತ್ತ ನಿಂತ ಹೆಂಗಸರು ಅತ್ತೆಯ ಬೆನ್ನಿಗೆ ಗುದ್ದುತ್ತಾರೆ. ಎಲ್ಲರೂ ನಗುತ್ತಾರೆ. ಅಕ್ಕನ ಗಂಡನ ಮನೆಯಲ್ಲಿ ನೋಡಿದ್ದೆ.

"ಏನಂತ ಕರೀಲಿ?" ಎಂದು ಕೇಳಿದೆ.

ವೈನಿ ಅಣ್ಣನ ಮುಖ ನೋಡಿದರು. "ಗಾನವಿ ಅಂತ ಅನಕೊಂಡಿದ್ವಿ" ಎಂದ ಅಣ್ಣ.

ದಾರಿಯ ಆಚೆ ಯಾರೋ ಗಿಡಕ್ಕೆ ನೀರು ಹಾಕುತ್ತಿದ್ದರು, ನಮ್ಮ ಕಡೆ ನೋಡುತ್ತಿದ್ದರು. ನಾನು ಮಂಡಿಯೂರಿ, ಎರಡು ಕೈ ನೆಲಕ್ಕೆ ಊರಿ, ಹುಲ್ಲಿಗೆ ಬಾಯಿ ತಾಗುವಷ್ಟು ಬಗ್ಗಿದೆ. ಕುರ್ರ್ ಎಂದೆ. ಕುರ್ರ್. ಗಾನವಿ.

"ಕೇಳಸಲಿಲ್ಲ. ಜೋರಾಗಿ" ಎಂದರು ವೈನಿ.

ಜೋರಾಗಿ ಕರೆದೆ.

ಬೆನ್ನಿಗೆ ಗುದ್ದು ಬಿತ್ತು. ವೈನಿಯದು. ಮುಷ್ಟಿ ಕಟ್ಟಿ, ಇರುವ ಬಲವನ್ನೆಲ್ಲ ಹಾಕಿ ಗುದ್ದಿದರು. ಇನ್ನೂ ನೋಯುತ್ತಿದೆ.